ಎಡಬಾಗಿಲಿನ ಸ್ಪೀಕರು

ಇದು ಕೊನೆಯ ಸಾಧಾರಣ ದಿನ ಎಂದು ಯಾವ ದಿನದ ಹಣೆಯ ಮೇಲೂ ಬರೆದಿರುವುದಿಲ್ಲ. ಬರೆದಿದ್ದರೆ ಆ ಭಾನುವಾರ ನಾನು ಕಾರಿನ ರೇಡಿಯೊಕ್ಕೆ ಗುದ್ದುತ್ತ ಕೂರುತ್ತಿರಲಿಲ್ಲ. ನಾನೂ ನನ್ನ ಹೆಂಡತಿ ಶಾಂತಾಳೂ ಹುನ್ನೂರಿನಲ್ಲಿ ಅವಳ ಅಕ್ಕನ ಸೊಸೆಯ ಕುಬಸದ ಕಾರ್ಯ ಮುಗಿಸಿಕೊಂಡು ಬನಹಟ್ಟಿಗೆ ಹೊರಟಿದ್ದೆವು. ಬಸುರಿ ಹುಡುಗಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಆ ಕಾರ್ಯದಲ್ಲಿ ಗಂಡಸರಿಗೆ ಊಟದ ಹೊರತು ಬೇರೆ ಕೆಲಸವಿರುವುದಿಲ್ಲ. ನಮ್ಮನ್ನು ಅಂಗಳದಲ್ಲಿ ಕೂರಿಸಿ ಹೋಳಿಗೆ ಬಡಿಸಿದ್ದರು. ಹೀಗಾಗಿ ಒಳಗೆ ಏನು ನಡೆಯಿತೆಂಬ ವರದಿ ನನಗೆ ಸಿಗುವುದು ಮರಳುವ ದಾರಿಯಲ್ಲೇ. ವರದಿ ಶುರುವಾಗಿತ್ತು. ಎರಡೂ ಕಡೆ ಕಬ್ಬು, ಎದುರಿಗೆ ದಾರಿ ಬಿಡದ ಟ್ರ್ಯಾಕ್ಟರು, ನನ್ನ ಎಡಕ್ಕೆ ಶಾಂತಾ.

“ಗಂಗವ್ವ ನಾವು ಒಯ್ದ ಸೀರಿ ಮಡಿಕಿ ಬಿಚ್ಚಿದ್ಳು. ಸೆರಗ ನೋಡಿದ್ಳು. ಅಂಚ ತಿರುವಿ ನೋಡಿದ್ಳು. ಎಲ್ಲಾರ ಮುಂದ ಏನಂದ್ಳು ಗೊತ್ತೇನ್ರಿ?”

ಗಂಗವ್ವ ಎಂದರೆ ಆ ಮನೆಯ ಹಿರಿಯಳು, ಶಾಂತಾಳಿಗೆ ದೊಡ್ಡವ್ವ. ಅವಳು ಏನಂದಳೆಂದು ಕೇಳುವಷ್ಟರಲ್ಲಿ ರೇಡಿಯೊ ಒಮ್ಮೆ ಕೊರ್ರೆಂದು ಬಾಯಿ ಮುಚ್ಚಿತು. ಹವಾಮಾನ ವರದಿ ಬರುವ ಹೊತ್ತು. ನನಗೆ ಒಂದು ಗುಂಟೆ ಹೊಲವಿಲ್ಲ. ನೂಲಿನ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದವನು ನಾನು. ಮಳೆ ಬಂದರೆ ನನಗಾಗುವ ಲಾಭವೆಂದರೆ ಕೊಡೆ ಹುಡುಕುವ ಕೆಲಸ ಅಷ್ಟೇ. ಆದರೂ ಸ್ಟಿಯರಿಂಗ್ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ರೇಡಿಯೊಕ್ಕೆ ಗುದ್ದಿದೆ.

“ನಾ ಏನ ಹೇಳಾಕತ್ತೇನಿ, ನೀವು ಏನ ಮಾಡಾಕತ್ತೀರಿ?” ಎಂದಳು.

“ಒಂದ ನಿಮಿಷ ತಡಿ ಮಾರಾಯ್ತಿ, ಮಳಿ ಸುದ್ದಿ ಹೇಳ್ತಾನ.”

“ಹೌದೌದು, ನಿಮ್ಮ ಹೊಲದಾಗ ಪೀಕ ಒಣಗಾಕತ್ತೈತಿ ನೋಡ್ರಿ. ಮೊದಲ ಅದನ್ನ ರಿಪೇರಿ ಮಾಡ್ರಿ. ಆಮ್ಯಾಲ ಹೇಳ್ತೇನಿ.”

ಹಾಗೆಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ಮನೆ ಮುಟ್ಟುವುದರೊಳಗೆ ಸಿಟ್ಟೂ ಇಳಿದಿತ್ತು, ಮಾತೂ ಮರೆತಿತ್ತು. ಮರುದಿನ ಬೆಳಿಗ್ಗೆ ಚಹಾಕ್ಕೆ ಇಟ್ಟವಳು ಎದೆ ಹಿಡಿದುಕೊಂಡು ಕೂತಳು. ಏಳಲಿಲ್ಲ. ಡಾಕ್ಟರು ಬರುವವರೆಗೂ ಕಾಯಲಿಲ್ಲ.

ನಮ್ಮ ಊರಿನ ಒಂದು ಗುಣ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬನಹಟ್ಟಿಯಲ್ಲಿ ಮೆಲ್ಲಗೆ ಮಾತಾಡಿದವನ ಮಾತು ಯಾರಿಗೂ ಕೇಳುವುದಿಲ್ಲ. ನಮ್ಮ ಓಣಿಯಲ್ಲೇ ಮೂವತ್ತು ವಿದ್ಯುತ್ ಮಗ್ಗಗಳು ಖಟಖಟ ಎನ್ನುತ್ತವೆ. ಉಪ್ಪು ಕೊಡು ಎನ್ನುವುದಕ್ಕೂ ಗಂಟಲ ನರ ಉಬ್ಬಿಸಬೇಕು. ಗಂಡಹೆಂಡಿರು ಜಗಳವಾಡಿದರೂ ಪ್ರೀತಿ ಮಾಡಿದರೂ ಬಾಯಿಯ ಎತ್ತರ ಒಂದೇ. ಯಾವುದು ಯಾವುದೆಂದು ನೆರೆಯವರಿಗೆ ಗೊತ್ತಾಗುವುದಿಲ್ಲ. ಮುಧೋಳದ ಡಾಕ್ಟರೊಬ್ಬರು ತಮ್ಮ ಹಳೆಯ ಬಿಳಿ ಕಾರು ಮಾರುತ್ತಾರೆಂದು ತಿಳಿದಾಗ ನಾನು ಅದನ್ನು ಕೊಂಡದ್ದು ತಿರುಗಾಡಲಿಕ್ಕೆ ಎಂದು ಹೇಳಿಕೊಂಡೆ. ನಿಜ ಬೇರೆ ಇತ್ತು. ಕಿಟಕಿ ಏರಿಸಿಕೊಂಡರೆ ಆ ಕಾರಿನೊಳಗೆ ಮಗ್ಗದ ಸದ್ದು ಇರುತ್ತಿರಲಿಲ್ಲ. ನಾವಿಬ್ಬರೂ ಮೆಲ್ಲಗೆ ಮಾತಾಡಿದ್ದು ಅಲ್ಲೇ. ಮೆಲ್ಲಗೆ ಎಂದರೆ ನಾನೊಬ್ಬನೇ. ಶಾಂತಾ ಕಾರಿನೊಳಗೂ ಓಣಿಯ ದನಿಯಲ್ಲೇ ಮಾತಾಡುತ್ತಿದ್ದಳು. ಕಾರಿನ ಜೊತೆಗೇ ಬಂದಿದ್ದ ರೇಡಿಯೊಕ್ಕೆ ಮುಂದುಗಡೆ ಒಂದೇ ಸ್ಪೀಕರು, ಅದಕ್ಕೂ ಶೀತ. ನಾನು ಅದರ ದನಿ ಏರಿಸಿದರೆ ಅವಳ ಬಲಗೈ ಬಂದು ಇಳಿಸುತ್ತಿತ್ತು. ನಾನು ಏರಿಸುವುದು, ಅವಳು ಇಳಿಸುವುದು. ಎಂಟು ವರ್ಷ ಹೀಗೇ ಜಮಖಂಡಿಗೆ ಹೋಗಿ ಬಂದಿದ್ದೇವೆ.

ಅವಳು ಹೋದ ಮೇಲೆ ಕಾರು ತಾಡಪತ್ರಿಯ ಹೊದಿಕೆಯ ಕೆಳಗೆ ಮಲಗಿತು. ಒಮ್ಮೆ ತೆಗೆದೆ. ರಬಕವಿ ದಾಟುವುದರೊಳಗೆ ಎಡಗಡೆಯ ನಿಶ್ಶಬ್ದ ತಾಳಲಾರದೆ ತಿರುಗಿಸಿಕೊಂಡು ಬಂದೆ. ಬೀಳಗಿಯಲ್ಲಿ ಶಿಕ್ಷಕಿಯಾಗಿರುವ ನನ್ನ ಮಗಳು ಸುಜಾತಾ, “ಅಪ್ಪಾ, ಮಾರಿಬಿಡು. ಸುಮ್ನ ನಿಂತು ತುಕ್ಕ ಹಿಡೀತೈತಿ” ಎಂದಳು. ಅವಳು ಅಂದದ್ದು ಕಾರಿಗೋ ನನಗೋ ಎಂದು ನಾನು ಕೇಳಲಿಲ್ಲ. ನಾನೂ ಹೂಂ ಎಂದೆ. ಮುಧೋಳದಿಂದ ಒಬ್ಬ ಗಿರಾಕಿ ಸೋಮವಾರ ನೋಡಲು ಬರುವುದೆಂದು ನಿಶ್ಚಯವಾಯಿತು. ಆಗ ನನಗೆ ಶಾಂತಾಳ ಮಾತು ನೆನಪಾಯಿತು: ಮೊದಲ ಅದನ್ನ ರಿಪೇರಿ ಮಾಡ್ರಿ. ಮೂವತ್ತೊಂದು ವರ್ಷದಲ್ಲಿ ಅವಳು ಹೇಳಿದ ಕೆಲಸಗಳಲ್ಲಿ ಎಷ್ಟನ್ನು ನಾನು ಮಾಡಿದ್ದೇನೋ ದೇವರಿಗೆ ಗೊತ್ತು. ಇದೊಂದನ್ನು ಮಾಡದೆ ಕಾರನ್ನು ಬೇರೆಯವರ ಕೈಗೆ ಕೊಡಬಾರದು ಎನ್ನಿಸಿತು. ಮಿಸ್ತ್ರಿಯ ಬಳಿ ಬಿಡಬಹುದಾಗಿತ್ತು. ಆದರೆ ಅವಳು ಹೇಳಿದ್ದು ನನಗೆ, ಮಿಸ್ತ್ರಿಗಲ್ಲ.

ಜಮಖಂಡಿಯ ಅಂಗಡಿಯವನು ಹಳೆಯ ರೇಡಿಯೊದ ವರ್ಣನೆ ಕೇಳಿ ನಕ್ಕ. “ಅದನ್ನ ರಿಪೇರಿ ಮಾಡೂದು ಅಂದ್ರ ಸತ್ತ ಎತ್ತಿಗೆ ಲಾಳ ಬಡದಂಗ್ರಿ. ಇದನ್ನ ಒಯ್ರಿ. ರೇಡಿಯೊ ಐತಿ, ಕ್ಯಾಸೆಟ್ ಐತಿ, ಎರಡ ಬಾಗಿಲಕ ಎರಡ ಸ್ಪೀಕರ್. ಎಡಕ ಬ್ಯಾರೆ ಕೇಳ್ತೈತಿ, ಬಲಕ ಬ್ಯಾರೆ.” ಎಡಕ್ಕೆ ಏನೋ ಒಂದು ಕೇಳುತ್ತದೆ ಎಂದ ಕೂಡಲೇ ನಾನು ಸೋತೆ. ಅವನು ಒಂದು ಭಜನೆಯ ಕ್ಯಾಸೆಟ್ಟನ್ನು ಪುಕ್ಕಟೆ ಕೊಟ್ಟು, ವೈರಿನ ತುದಿಯ ಸಿಪ್ಪೆ ಸುಲಿದು ತಾಮ್ರ ಹೊಸೆಯುವುದನ್ನು ತೋರಿಸಿ, “ಸಣ್ಣ ಹುಡುಗರೂ ಮಾಡ್ತಾರ್ರಿ” ಎಂದ. ಈ ಮಾತು ಕೇಳಿ ಕೆಲಸಕ್ಕೆ ಇಳಿದವರು ಯಾರೂ ಉದ್ಧಾರವಾಗಿಲ್ಲ.

ಶನಿವಾರ ಬೆಳಿಗ್ಗೆ ಒಂದು ಸ್ಕ್ರೂಡ್ರೈವರು, ಮಗ್ಗದ ನಟ್ಟು ಬಿಚ್ಚುವ ಒಂದು ಪಾನಾ, ಅಡುಗೆಮನೆಯ ಚಾಕು ಇಷ್ಟನ್ನು ಇಟ್ಟುಕೊಂಡು ಕಾರಿನೊಳಗೆ ಹೊಕ್ಕೆ. ಹಳೆಯ ರೇಡಿಯೊ ಎಳೆದಾಗ ಅದರ ಬೆನ್ನಿಂದ ಬಣ್ಣಬಣ್ಣದ ವೈರುಗಳು ಹೊರಬಿದ್ದವು. ನಾನು ಹೆದರಲಿಲ್ಲ. ನೇಕಾರನ ಮಗ ನಾನು. ಎರಡು ಸಾವಿರ ಎಳೆಯ ಹಾಸು ನೋಡಿದ ಕಣ್ಣಿಗೆ ಒಂಬತ್ತು ವೈರು ಯಾವ ಮಹಾ? ಹೊಸ ಪೆಟ್ಟಿಗೆಗೆ ಕರೆಂಟು ಬೇಕಿತ್ತು. ಕೈಗೆ ಸಿಕ್ಕ ಒಂದು ವೈರಿನಿಂದ ತೆಗೆದೆ, ಪರೀಕ್ಷೆಗೆ ಹಳೆಯ ಸ್ಪೀಕರನ್ನೇ ಸಿಕ್ಕಿಸಿದೆ. ಗುಂಡಿ ತಿರುವಿದೆ. ಉಸಿರಿಲ್ಲ. ಎಲ್ಲ ಗುಂಡಿ, ಎಲ್ಲ ಹಿಡಿಕೆ ತಿರುವುತ್ತ ಹೋದಾಗ ಒಮ್ಮೆಲೇ “ಆಕಾ” ಎಂದಿತು. ಸುಮ್ಮನಾಯಿತು. “ಇಂದಿ” ಎಂದಿತು. ಸುಮ್ಮನಾಯಿತು. ಹೊರಗೆ ನಿಂತು ನೋಡುತ್ತಿದ್ದ ನೆರೆಮನೆಯ ಮಲ್ಲಪ್ಪ ಕೂಗಿದ: “ಸಾಹೇಬ್ರ, ಬಲಕ್ಕ ಎಲ್ಲಿ ಹೊಂಟೀರಿ? ಅಲ್ಲಿ ಗ್ವಾಡಿ ಐತಿ!” ನಾನು ಕರೆಂಟು ತೆಗೆದದ್ದು ತಿರುವಿನಲ್ಲಿ ಮಿಣುಕುವ ದೀಪದ ವೈರಿನಿಂದ. ದೀಪ ಹತ್ತಿದಾಗ ರೇಡಿಯೊ ಮಾತಾಡುತ್ತಿತ್ತು, ಆರಿದಾಗ ನುಂಗುತ್ತಿತ್ತು. ದೇಶದ ಸುದ್ದಿ ಕೇಳಬೇಕಾದರೆ ನಾನು ಜೀವಮಾನವಿಡೀ ಬಲಕ್ಕೆ ತಿರುಗುತ್ತಲೇ ಇರಬೇಕಿತ್ತು.

ಮಲ್ಲಪ್ಪ ಮಗ್ಗ ರಿಪೇರಿ ಮಾಡುವ ಜಾಬರು. ಯಂತ್ರ ಕೆಟ್ಟಲ್ಲಿ ಅವನು ಇರುತ್ತಾನೆ, ಅವನನ್ನು ಕರೆಯಬೇಕಾಗಿಲ್ಲ. “ಹೇಳ್ರಿ, ನಾ ಮಾಡ್ತೇನಿ” ಎಂದ. “ಬ್ಯಾಡ, ನಾನ ಮಾಡಾಂವ” ಎಂದೆ. “ಮಾಡ್ರಿ ಮಾಡ್ರಿ. ನಾ ಚಹಾ ಕುಡಕೋತ ನೋಡ್ತೇನಿ. ಟೂರಿಂಗ್ ಟಾಕೀಸ್ ಬಂದು ಭಾಳ ದಿನ ಆತು.” ಅವನ ಎದುರಿಗೆ ಸರಿಯಾದ ವೈರು ಹುಡುಕಲು ನನಗೆ ಮಧ್ಯಾಹ್ನವಾಯಿತು.

ಬಾಗಿಲುಗಳ ಕಥೆ ಇನ್ನೂ ಕೆಟ್ಟದ್ದು. ಬಲಬಾಗಿಲಿನ ರಟ್ಟು ಕೊರೆದು ಸ್ಪೀಕರು ಕೂರಿಸಿದೆ, ಸರಿಯಾಯಿತು. ಅದೇ ಧೈರ್ಯದಲ್ಲಿ ಎಡಬಾಗಿಲನ್ನು ಎರಡು ಬೆರಳು ಮೇಲಕ್ಕೆ ಕೊರೆದೆ. ಶಾಂತಾಳ ಮೊಣಕಾಲು ತಾಗಬಾರದು ಎಂದು. ಯಾರ ಮೊಣಕಾಲು ಎಂದು ಯೋಚಿಸಿದ್ದು ಕೊರೆದಾದ ಮೇಲೆ. ಸ್ಪೀಕರು ಚೆನ್ನಾಗಿ ಕೂತಿತು. ಆದರೆ ಕಿಟಕಿಯ ಗಾಜು ಇಳಿಸಿದರೆ ಅರ್ಧಕ್ಕೆ ಬಂದು ಅದರ ಬೆನ್ನಿಗೆ ಟಕ್ಕೆಂದು ನಿಂತಿತು. ಬಾಗಿಲೊಳಗೆ ಗಾಜು ಎಲ್ಲಿ ಹೋಗಿ ಕೂರುತ್ತದೆ ಎಂದು ನಾನು ಈ ಐವತ್ತೆಂಟು ವರ್ಷದಲ್ಲಿ ಎಂದೂ ವಿಚಾರ ಮಾಡಿರಲಿಲ್ಲ. ಹೋಗಲಿ, ಅರ್ಧ ಕಿಟಕಿಯ ಗಾಳಿ ಸಾಕು ಎಂದು ಭಜನೆಯ ಕ್ಯಾಸೆಟ್ ಹಾಕಿದೆ. ಬಲಬಾಗಿಲಿನಲ್ಲಿ ತಾಳ ಕೇಳಿತು. ಎಡಬಾಗಿಲು ಮೌನವ್ರತ ಹಿಡಿದಿತ್ತು. ಬಿಚ್ಚಿದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ. ಬೈದೆ. ಬಾಗಿಲನ್ನು ಬೈದೆ, ಅಂಗಡಿಯವನನ್ನು ಬೈದೆ, ಕೊನೆಗೆ, ಹೇಳಲು ನಾಚಿಕೆಯಾಗುತ್ತದೆ, ಶಾಂತಾಳನ್ನೂ ಬೈದೆ. ಇಂಥ ಕೆಲಸ ಹಚ್ಚಿ ಹೋಗುವುದು ಯಾವ ನ್ಯಾಯ? ಹೇಳುವುದನ್ನು ಹೇಳಿಯೇ ಹೋಗಲಿಕ್ಕೆ ಏನಾಗಿತ್ತು?

ಭಾನುವಾರ ಮುಂಜಾನೆ ಸೋತು ಮಲ್ಲಪ್ಪನನ್ನು ಕರೆದೆ. ಅವನು ಎಡಬಾಗಿಲಿನ ರಟ್ಟು ಸರಿಸಿ, ವೈರನ್ನು ಬೆಳಕಿಗೆ ಹಿಡಿದು, ತಿರುವಿ ತಿರುವಿ ನೋಡಿದ.

“ಸಾಹೇಬ್ರ, ಈ ಗಂಟ ಹಾಕಿದವ್ರು ಯಾರು?”

“ನಾನ. ಯಾಕ?”

“ಭಾರಿ ಗಂಟ! ಮಗ್ಗದಾಗ ಎಳಿ ಹಾಯೂ ಅಣಿಯೊಳಗಿಂದನೂ ಪಾರಾಗ್ತೈತಿ. ನಮ್ಮ ಕಾರಖಾನ್ಯಾಗ ಇಂಥಾ ಕೈ ಒಂದೂ ಇಲ್ಲ. ಆದ್ರ ತಾಮ್ರ ಎಲ್ಲಿ ಐತ್ರಿ?”

ನಡೆದದ್ದು ಇಷ್ಟೇ. ಎಡಬಾಗಿಲಿಗೆ ವೈರು ಗೇಣುದ್ದ ಕಡಿಮೆ ಬಿದ್ದಿತ್ತು. ಇನ್ನೊಂದು ತುಂಡು ಜೋಡಿಸಬೇಕಿತ್ತು. ಅಂಗಡಿಯವನು ತೋರಿಸಿದಂತೆ ತುದಿಗಳ ಸಿಪ್ಪೆ ಸುಲಿದೆ. ಆಮೇಲೆ ನನ್ನ ಬೆರಳುಗಳು ನನ್ನನ್ನು ಕೇಳಲಿಲ್ಲ. ಹರಿದ ನೂಲಿಗೆ ಹಾಕುವ ನೇಕಾರರ ಗಂಟನ್ನು ಹಾಕಿ ಬಿಗಿದವು. ನೂಲಿನಲ್ಲಿ ಮಾಡುವಂತೆಯೇ ಗಂಟಿನಾಚೆ ಉಳಿದ ಬಾಲಗಳನ್ನು ಚಾಕುವಿನಿಂದ ಸರಿಯಾಗಿ ಕತ್ತರಿಸಿ ಒಗೆದವು. ಬಾಲ ಬಿಟ್ಟರೆ ಬಟ್ಟೆಯಲ್ಲಿ ಗಂಟು ಕಾಣುತ್ತದೆ, ಮರ್ಯಾದೆ ಹೋಗುತ್ತದೆ. ಆದರೆ ಇಲ್ಲಿ ಸುಲಿದ ತಾಮ್ರವೆಲ್ಲ ಇದ್ದದ್ದು ಆ ಬಾಲಗಳಲ್ಲೇ. ಉಳಿದದ್ದು ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಬ್ಬಿಕೊಂಡ ಅಂದವಾದ ಗಂಟು. ಆನೆ ಕಟ್ಟಿ ಎಳೆದರೂ ಬಿಚ್ಚದು. ಕರೆಂಟು ಮಾತ್ರ ದಾಟದು.

ಮಲ್ಲಪ್ಪ ನಕ್ಕ ನಗೆಗೆ ಮೂರು ಮನೆಯ ಮಗ್ಗಗಳು ನಿಂತವು. “ಏ, ಬರ್ರಿ ಬರ್ರಿ, ಸಾಹೇಬ್ರು ಕಾರ ನೇಯಾಕತ್ತಾರ!” ನೋಡಲು ಬಂದವರೆಲ್ಲ ಗಂಟನ್ನು ಕೈಯಲ್ಲಿ ಹಿಡಿದು ಹೊಗಳಿ ಹೋದರು. ಯಾರಿಂದ ಕಲಿತಿರಿ ಎಂದು ಒಬ್ಬರು ಕೇಳಿದರು. ಕಲಿಸಿದವಳು ಶಾಂತಾ. ಗುಮಾಸ್ತನಾಗಿ ಕೈಕಸುಬು ಮರೆತಿದ್ದ ನನಗೆ ಮದುವೆಯಾದ ಹೊಸತರಲ್ಲಿ, ಕಂಡಿಕೆಗೆ ನೂಲು ಸುತ್ತುತ್ತ ಕೂತು, ಎಡಗೈ ಒಂದರಿಂದಲೇ ಗಂಟು ಹಾಕಿ ತೋರಿಸಿ, “ನೇಕಾರ ಮನಿತನದಾಗ ಹುಟ್ಟಿ ಇಷ್ಟೂ ಬರೂದಿಲ್ಲೇನ್ರಿ?” ಎಂದು ಚುಚ್ಚಿ ಚುಚ್ಚಿ ಕಲಿಸಿದ್ದಳು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಮಲ್ಲಪ್ಪ ಗಂಟು ಕತ್ತರಿಸಲು ಚಾಕು ಎತ್ತಿದಾಗ ಮಾತ್ರ ಅವನ ಕೈ ಹಿಡಿದೆ.

“ಗಂಟ ಇರಲಿ. ಅದರ ಮಗ್ಗಲದಿಂದ ಬ್ಯಾರೆ ವೈರ್ ದಾಟಸು.”

ಅವನು ನನ್ನ ಮುಖ ನೋಡಿದ. ಮತ್ತೆ ನಗಲಿಲ್ಲ. ಗಂಟಿನ ಆಚೆ ಈಚೆ ಸಿಪ್ಪೆ ಸುಲಿದು ಬೇರೆ ತುಂಡು ಜೋಡಿಸಿದ. ಎಡಬಾಗಿಲು ಬಾಯಿ ಬಿಟ್ಟಿತು.

ಸೋಮವಾರ ಮುಧೋಳದ ಗಿರಾಕಿ ಬಂದ. ಎಂಜಿನ್ ಕೇಳಿ ತಲೆದೂಗಿದ, ಸ್ಟೀರಿಯೊ ಕೇಳಿ ಹಿಗ್ಗಿದ. ಕೊನೆಗೆ ಎಡಗಡೆಯ ಗಾಜು ಇಳಿಸಲು ಹೋದ. ಟಕ್.

“ಇದು ಇಷ್ಟ ಇಳಿಯೂದೇನ್ರಿ?”

“ಇಷ್ಟ.”

“ಸರಿ ಮಾಡಿಸಿ ಕೊಡ್ತೀರೇನು?”

ಸ್ಪೀಕರನ್ನು ಎರಡು ಬೆರಳು ಕೆಳಗಿಳಿಸಿದರೆ ಗಾಜು ಸರಿಹೋಗುತ್ತಿತ್ತು. ಅಷ್ಟು ವಿದ್ಯೆ ನನಗೆ ಅಷ್ಟರಲ್ಲಿ ಬಂದಿತ್ತು. “ಆಗೂದಿಲ್ರಿ” ಎಂದೆ. ಅವನು ಹೋದ. ಸುಜಾತಾಳಿಗೆ ಕಾರಿನಲ್ಲಿ ದೋಷವಿದೆಯೆಂದು ತಿಳಿಸಿದೆ.

ಮುಂದಿನ ಭಾನುವಾರ ಹುನ್ನೂರಿಗೆ ಹೊರಟೆ. ದಾರಿಯುದ್ದಕ್ಕೂ ಎರಡೂ ಬಾಗಿಲು ಭಜನೆ ಮಾಡಿದವು. ಗಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ನೀರು ಕೊಟ್ಟಳು, ಅತ್ತಳು, ಕಣ್ಣೊರೆಸಿಕೊಂಡಳು. ಆಮೇಲೆ ನಾನು ಬಂದ ಕೆಲಸ ಹೇಳಿದೆ. “ಕುಬಸದ ದಿನ ನಾವು ತಂದ ಸೀರಿ ಬಿಚ್ಚಿ ನೋಡಿ, ಎಲ್ಲಾರ ಮುಂದ ಏನೋ ಅಂದ್ರಂತ. ಏನಂದ್ರಿ?”

“ನಾನಾ? ಛಲೋ ಐತಿ ಅಂದಿರಬೇಕಪಾ. ಬನಹಟ್ಟಿ ಸೀರಿಗೆ ಇನ್ನೇನ ಅಂತಾರ?” ಗಂಗವ್ವ ಜೋಳದ ಮೊರ ಕೆಳಗಿಟ್ಟು ಯೋಚಿಸಿದಳು. “ಖರೆ ಹೇಳಬೇಕಂದ್ರ ನೆಪ್ಪಿಲ್ಲ. ನಾ ಎರಡ ಮಾತ ಅಂದಿದ್ರ ಶಾಂತಾ ಅದಕ್ಕ ಹತ್ತ ಕೂಡಿಸಿ ಹೇಳಾಕಿ. ಆ ಹತ್ತ ನನಗ ಹೆಂಗ ಗೊತ್ತಾಗಬೇಕೋ ತಮ್ಮಾ?”

ಮರಳುವಾಗ ಅದೇ ಕಬ್ಬು, ಅಂಥದೇ ಟ್ರ್ಯಾಕ್ಟರು. ಹವಾಮಾನ ವರದಿಯ ಹೊತ್ತಾಗಿತ್ತು. ರೇಡಿಯೊ ಹಚ್ಚಿದೆ. ಉತ್ತರ ಒಳನಾಡಿನ ಕೆಲವೆಡೆ ಹಗುರ ಮಳೆಯಾಗಬಹುದೆಂದು ಎಡಕ್ಕೂ ಬಲಕ್ಕೂ ಒಂದಕ್ಷರ ಜಾರದಂತೆ ಹೇಳಿತು. ಹೊಲ ಮಾತ್ರ ನನಗೆ ಇನ್ನೂ ಇಲ್ಲ. ಅಭ್ಯಾಸಬಲದಿಂದ ದನಿ ಏರಿಸಿದೆ. ಏರಿಸಿದ್ದು ಏರಿದಂತೆಯೇ ಇತ್ತು. ಜಮಖಂಡಿ ದಾಟಿದ ಮೇಲೆ ಕಿವಿ ತಾಳದೆ ನಾನೇ ಇಳಿಸಿದೆ.

ರೇಡಿಯೊ ರಿಪೇರಿಯಾಗಿದೆ. ಗಂಗವ್ವ ಸೀರೆ ನೋಡಿ ಏನಂದಳೆಂಬುದನ್ನು ಶಾಂತಾ ನನಗೆ ಇನ್ನೂ ಹೇಳಿಲ್ಲ.