ಕುಂಕುಮ ಹಚ್ಚಿದ ಸಿ.ಡಿ.

ಚಿಕ್ಕ ವಸ್ತುಗಳ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ. ಅಂಗಿಯ ಜೇಬಿನಲ್ಲಿ ಹಿಡಿಯುವಂಥದ್ದು ಏನೇ ಇರಲಿ, ಅದು ಇವತ್ತಲ್ಲ ನಾಳೆ ಕೈಕೊಡುತ್ತದೆ ಎಂಬುದು ನನ್ನ ಅನುಭವ. ಬೀರುವಿನ ಕೀಲಿ, ಪೆನ್ನಿನ ಮುಚ್ಚಳ, ಕನ್ನಡಕದ ಸ್ಕ್ರೂ, ಎಲ್ಲವನ್ನೂ ಕಳೆದುಕೊಂಡಿದ್ದೇನೆ. ಅಷ್ಟೇಕೆ, ದಂತವೈದ್ಯರು ಹಲ್ಲಿಗೆ ಕೂರಿಸಿಕೊಟ್ಟ ಕ್ಯಾಪು ಒಂದು ವಾರ ಸುಮ್ಮನಿದ್ದು, ಎಂಟನೆಯ ದಿನ ಅವರೆಕಾಳು ಸಾರಿನ ಮುದ್ದೆಯ ಜೊತೆ ಹೊಟ್ಟೆಗೆ ಇಳಿದುಹೋಯಿತು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹೀಗಾಗಿ ಹೋದದ್ದು ಕೂಡ ಗೊತ್ತಾಗಲಿಲ್ಲ. ಇಂಥ ಮನುಷ್ಯನ ಮುಂದೆ ಹೆಬ್ಬೆರಳಿನಷ್ಟೇ ಇರುವ ಪೆನ್‌ಡ್ರೈವ್ ಹಿಡಿದು, "ಇಡೀ ಶಾಲೆ ಇದರೊಳಗೆ ಹಿಡಿಸುತ್ತೆ" ಎಂದರೆ ಅವನು ನಂಬುವುದಾದರೂ ಹೇಗೆ?

ನಾನು ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಕೆಲವು ವರ್ಷಗಳ ಹಿಂದೆ ನಮ್ಮ ಆಫೀಸಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಇಂಟರ್ನೆಟ್ಟು ಬರುತ್ತದೆ ಬರುತ್ತದೆ ಎಂದು ಗೋಡೆಗೆ ತೂತು ಕೊರೆದು ಹೋದವರು ತಿರುಗಿ ಬಂದಿರಲಿಲ್ಲ. ಆ ತೂತಿನಲ್ಲಿ ಇರುವೆಗಳು ಮಾತ್ರ ಶಿಸ್ತಾಗಿ ಓಡಾಡಿಕೊಂಡಿದ್ದವು. ಹಾಗಾಗಿ ಏನನ್ನು ಎಲ್ಲಿಗೆ ಕೊಡಬೇಕಾದರೂ ನಕಲು ಮಾಡಿಕೊಂಡು ಕೈಯಲ್ಲೇ ಹಿಡಿದು ಹೋಗಬೇಕಿತ್ತು. ಅದಕ್ಕಾಗಿ ನಾನು ಆರಿಸಿಕೊಂಡದ್ದು ಅಳಿಸಿ ಬರೆಯಬಹುದಾದ ಆರ್‌ಡಬ್ಲ್ಯೂ ಸಿ.ಡಿ. ಸ್ಲೇಟಿನ ಹಾಗೆ. ಬರೆ, ಅಳಿಸು, ಮತ್ತೆ ಬರೆ. ನೋಡಿದರೆ ಒಂದು ವಸ್ತು ಎನ್ನುವಂತಿರುತ್ತದೆ, ಕಳೆದರೆ ಹುಡುಕಬಹುದು. ನನ್ನ ಬಳಿ ಐದಿದ್ದವು. ಮಾರ್ಕರ್ ಪೆನ್ನಿನಲ್ಲಿ ಒಂದರ ಮೇಲೆ 'ಮುಖ್ಯ' ಎಂದು ಬರೆದಿದ್ದೆ, ಇನ್ನೊಂದರ ಮೇಲೆ 'ಅತಿ ಮುಖ್ಯ', ಮತ್ತೊಂದರ ಮೇಲೆ 'ಅತಿ ಮುಖ್ಯ, ಹೊಸದು'. ಉಳಿದೆರಡರ ಮೇಲೆ ಏನು ಬರೆಯಬೇಕೆಂದು ತಿಳಿಯದೆ ಹಾಗೇ ಬಿಟ್ಟಿದ್ದೆ.

ನಮ್ಮ ಕಂಪ್ಯೂಟರ್ ಟೀಚರ್ ನಸ್ರೀನ್ ಮೇಡಂ ಪೆನ್‌ಡ್ರೈವ್ ಪಕ್ಷ. ದಿನಾ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಕೊರಳಲ್ಲಿ ಕಪ್ಪು ದಾರ, ದಾರದಲ್ಲಿ ಐಡಿ ಕಾರ್ಡು, ಅದರ ಪಕ್ಕದಲ್ಲಿ ಪೆನ್‌ಡ್ರೈವು. "ಸಾರ್, ಆ ತಟ್ಟೆಗಳನ್ನ ಬಿಡಿ ಸಾರ್, ಒಂದು ಗೀರು ಬಿದ್ರೆ ಮುಗೀತು" ಎನ್ನುತ್ತಿದ್ದರು. ನಾನು ಬಿಡುವವನೇ? "ಮೇಡಂ, ನಿಮ್ಮ ಪೆನ್‌ಡ್ರೈವು ಸೈಬರ್ ಸೆಂಟರು, ಜೆರಾಕ್ಸ್ ಅಂಗಡಿ ಎಲ್ಲಾ ಸುತ್ತಾಡ್ಕೊಂಡು ಕಾಲೂ ತೊಳೀದೆ ನಮ್ಮ ಕಂಪ್ಯೂಟರಿನ ಒಳಗೆ ಬರುತ್ತೆ. ಅದಕ್ಕೇ ವೈರಸ್ಸು" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೇ ಹೇಳಿದ್ದೆ. ಎಲ್ಲರೂ ನಕ್ಕಿದ್ದರು. ಮೇಡಂ ಕೂಡ ನಕ್ಕಿದ್ದರು. ಗೆದ್ದೆನೆಂದು ಆವತ್ತು ಮನೆಗೆ ಅರ್ಧ ಕೆಜಿ ಜಿಲೇಬಿ ಒಯ್ದಿದ್ದೆ.

ನನಗೆ ಇನ್ನೊಂದು ಸಿದ್ಧಾಂತವೂ ಇತ್ತು. ಯಾವುದೇ ಫೈಲಿಗೆ ಪ್ರತಿ ಒಂದೇ ಇರಬೇಕು. ಎರಡಿದ್ದರೆ ಯಾವುದು ಹೊಸದು, ಯಾವುದು ಹಳೆಯದು ಎಂಬ ಗೊಂದಲ. ಆದ್ದರಿಂದ ಸಿ.ಡಿ.ಗೆ ಬರೆದಾದ ಮೇಲೆ ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿಬಿಡುತ್ತಿದ್ದೆ. ಕಸದ ಬುಟ್ಟಿಯ ಚಿತ್ರವನ್ನೂ ಖಾಲಿ ಮಾಡಿ ಕೈ ಝಾಡಿಸಿಕೊಂಡು ಏಳುವುದರಲ್ಲಿ ಒಂದು ಸುಖವಿತ್ತು. ಆ ವರ್ಷ ದಸರಾ ರಜೆಗೆ ಮುಂಚೆ ಹತ್ತನೇ ತರಗತಿಯ ನೂರಾ ಹದಿನೆಂಟು ಮಕ್ಕಳ ಪಟ್ಟಿಯನ್ನು ಹಾಗೆಯೇ ಮಾಡಿದೆ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ, ತೆಗೆದುಕೊಂಡ ವಿಷಯಗಳು. ಮೂರು ವಾರ ಕುಳಿತು ಟೈಪು ಮಾಡಿದ್ದೆ. ವಿಜಯದಶಮಿಯ ಮರುದಿನ ಸಂಜೆ ಐದರೊಳಗೆ ಅದು ಚಿಕ್ಕಬಳ್ಳಾಪುರದ ಶಿಕ್ಷಣ ಇಲಾಖೆಯ ಆಫೀಸಿಗೆ ಸೇರಬೇಕು. ಸೇರದಿದ್ದರೆ ಮಕ್ಕಳಿಗೆ ಹಾಲ್ ಟಿಕೆಟ್ ಇಲ್ಲ. ಶಾಲೆಗೆ ಸುಣ್ಣ ಹೊಡೆಯುತ್ತಿದ್ದುದರಿಂದ ಐದೂ ಸಿ.ಡಿ.ಗಳನ್ನು ಮನೆಗೆ ತಂದು, 'ಅತಿ ಮುಖ್ಯ, ಹೊಸದು' ಎಂಬುದನ್ನು ನನ್ನ ಹೆಂಡತಿ ಸರೋಜಳಿಗೆ ತೋರಿಸಿ, "ಇದು ಜೋಪಾನ ಕಣೇ, ಮಕ್ಕಳ ಭವಿಷ್ಯವೆಲ್ಲಾ ಇದರಲ್ಲೇ ಇದೆ" ಎಂದೆ. ಅಷ್ಟು ಹೇಳಬಾರದಿತ್ತು.

ಆಯುಧಪೂಜೆಯ ದಿನ ನಾನು ಬೀದಿಯಲ್ಲಿ ಸ್ಕೂಟರ್ ತೊಳೆದು ಬಾಳೆಕಂದು ಕಟ್ಟುತ್ತಿದ್ದೆ. ಒಳಗೆ ಸರೋಜ ಈಳಿಗೆಮಣೆ, ಮಿಕ್ಸಿ, ಹೊಲಿಗೆ ಯಂತ್ರ, ನನ್ನ ಸ್ಟೇಪ್ಲರ್ ಎಲ್ಲಕ್ಕೂ ಸಾಲಾಗಿ ಪೂಜೆ ಮಾಡುತ್ತಿದ್ದಳು. ನೈವೇದ್ಯದ ಚಿತ್ರಾನ್ನದ ಮೇಲಷ್ಟೇ ನನ್ನ ಗಮನವಿತ್ತು. ಮರುದಿನ ವಿಜಯದಶಮಿ, ನೆಂಟರ ಮನೆ, ಓಡಾಟ. ಅದರ ಮರುದಿನ ಬೆಳಿಗ್ಗೆ ಡಬ್ಬಿ ಸಮೇತ ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡು, ಕಾಗದದ ಪ್ರತಿಯನ್ನೂ ಇಟ್ಟುಕೊಂಡು ಬಸ್ಸು ಹತ್ತಿದೆ.

ಚಿಕ್ಕಬಳ್ಳಾಪುರದ ಕೌಂಟರಿನಲ್ಲಿ ಕುಳಿತಿದ್ದವರು ಡಬ್ಬಿ ತೆರೆದೊಡನೆ ಚೆಂಡುಹೂವಿನ ಎಸಳುಗಳು ಅವರ ಕೀಬೋರ್ಡಿನ ಮೇಲೆ ಉದುರಿದವು. "ಏಮಿ ಸಾರ್ ಇದು, ಪ್ರಸಾದ ತಂದ್ರಾ?" ಎಂದರು. ಸಿ.ಡಿ.ಯನ್ನು ತಿರುಗಿಸಿ ನೋಡಿದರೆ ಹೊಳೆಯುವ ಬದಿಯ ತುಂಬ ಅರಿಶಿನ, ಅದರ ಮೇಲೆ ಒಂದು ರೂಪಾಯಿ ಅಗಲದ ಕುಂಕುಮ. ನಾನು ಗಾಬರಿಯಲ್ಲಿ ಕರವಸ್ತ್ರ ಒದ್ದೆ ಮಾಡಿ ಗುಂಡಗೆ ಗಸಗಸ ಉಜ್ಜಿದೆ. ಬಣ್ಣ ಹೋಯಿತು, ಗೀರುಗಳು ಉಳಿದವು. ಕಂಪ್ಯೂಟರ್ ಅದನ್ನು ಒಳಗೆ ಎಳೆದುಕೊಂಡು ಗರಗರ ಎಂದು ಸ್ವಲ್ಪ ಹೊತ್ತು ಯೋಚಿಸಿ ಹೊರಗೆ ತಳ್ಳಿತು. ನಾಲ್ಕು ಸಲ ಹಾಕಿದೆವು, ನಾಲ್ಕು ಸಲವೂ ತಳ್ಳಿತು. "ಪೇಪರ್ ಇದ್ರೆ ಆಗಲ್ಲ ಸಾರ್, ನಮಗೆ ಫೈಲೇ ಬೇಕು. ಐದು ಗಂಟೆಗೆ ಲಿಸ್ಟ್ ಕ್ಲೋಸು" ಎಂದರು. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ನೂರಾ ಹದಿನೆಂಟು ಮಕ್ಕಳ ಮುಖ ಒಟ್ಟಿಗೆ ಕಣ್ಣ ಮುಂದೆ ಬಂದು, ನಿಜವಾಗಿಯೂ ಅಳು ಬರುವ ಹಾಗಾಯಿತು.

ಮೊದಲು ಮನೆಗೆ ಫೋನು ಮಾಡಿದೆ. ಸಹಾಯಕ್ಕಲ್ಲ, ಬೈಯುವುದಕ್ಕೆ. "ಆ ಕಡೆಗೇ ಯಾಕೆ ಹಚ್ಚಿದೆ?" ಎಂದು ಕೂಗಿದೆ. "ಯಾವ ಕಡೆ ಹಚ್ಚಬೇಕಿತ್ರೀ? ಬರೆದಿರೋದು ಬೆನ್ನು, ಹೊಳೆಯೋದು ಮುಖ ಅಲ್ವಾ? ಬೆನ್ನಿಗೆ ಯಾರಾದ್ರೂ ಕುಂಕುಮ ಇಡ್ತಾರಾ? ಉದುರಬಾರ್ದು ಅಂತ ಎಣ್ಣೇಲಿ ಬೇರೆ ಕಲಸಿದ್ದೆ. ನೀವೇ ಹೇಳಿದ್ರಿ ಅಂತ ಆ ಒಂದಕ್ಕೆ ದೊಡ್ಡ ಬೊಟ್ಟು" ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.

ಆಮೇಲೆ ಮಾನ ಮರ್ಯಾದೆ ಬದಿಗಿಟ್ಟು ನಸ್ರೀನ್ ಮೇಡಂಗೆ ಫೋನು ಮಾಡಿದೆ. ಅವರು ಕಂಪ್ಯೂಟರ್ ಓದಿದವರು, ಗೀರು ಬಿದ್ದದ್ದನ್ನು ಓದಿಸುವ ಉಪಾಯವೇನಾದರೂ ಹೇಳಿಯಾರು ಎಂಬ ಆಸೆ. ನಡೆದದ್ದನ್ನೆಲ್ಲಾ ಹೇಳಿ ಮುಗಿಸಿದೆ. ಕೊನೆಗೆ, "ಸಾರ್, ಅಲ್ಲೇ ಇರಿ. ಬರ್ತೀನಿ" ಎಂದಷ್ಟೇ ಹೇಳಿ ಇಟ್ಟರು. ಉಪಾಯ ಹೇಳಲಿಕ್ಕೆ ಬರಬೇಕೇಕೆ ಎಂದು ನನಗೆ ತಿಳಿಯಲಿಲ್ಲ. ಆಫೀಸಿನ ಹೊರಗೆ ಹುಣಸೆಮರದ ಕೆಳಗೆ ಕುಳಿತು, ಹೆಡ್‌ಮಾಸ್ಟರಿಗೆ ಏನು ಹೇಳುವುದೆಂದು ಏಳೆಂಟು ಬಗೆಯಲ್ಲಿ ಅಭ್ಯಾಸ ಮಾಡಿದೆ. ಎಲ್ಲದರಲ್ಲೂ ತಪ್ಪು ಸರೋಜಳದೇ ಇತ್ತು.

ಮೂರು ಗಂಟೆಗೆ ಮೇಡಂ ಬಂದರು. ಅಡುಗೆ ಬಿಟ್ಟು ಬಂದಿದ್ದರೆಂದು ಕಾಣುತ್ತದೆ, ತೋಳಿನ ಮೇಲೆ ಇನ್ನೂ ಹಿಟ್ಟಿತ್ತು. ಕೊರಳಿನ ದಾರ ಬಿಚ್ಚಿ ಪೆನ್‌ಡ್ರೈವನ್ನು ಕೌಂಟರಿನವರಿಗೆ ಕೊಟ್ಟರು. ತೆರೆದರೆ 'ಸಾರ್ ಫೈಲ್ಸ್' ಎಂಬ ಫೋಲ್ಡರು. ಅದರೊಳಗೆ ನಮ್ಮ ಪಟ್ಟಿ, ನೂರಾ ಹದಿನೆಂಟೂ ಹೆಸರು ಸರಿಯಾಗಿ. ಕೌಂಟರಿನವರು ನಕಲು ಮಾಡಿಕೊಂಡು ರಸೀದಿಗೆ ಸೀಲು ಒತ್ತಿದರು. ನಾನು ಆ ಪರದೆಯನ್ನೇ ನೋಡುತ್ತಿದ್ದೆ. ಪಟ್ಟಿಯ ಮೇಲೆ ಕೆಳಗೆ ಇನ್ನೂ ಎಷ್ಟೋ ಇದ್ದವು. ಮೂರು ವರ್ಷದ ಅಂಕಪಟ್ಟಿ, ಹಾಜರಿ, ಬಿಸಿಯೂಟದ ಲೆಕ್ಕ, ನಾನು ಬರೆದು ಅಳಿಸಿದ ಪ್ರತಿಯೊಂದೂ. ಆಗ ನೆನಪಾಯಿತು. ಹಿಂದೆ ಎರಡು ಮೂರು ಸಲ ನನ್ನ ಸಿ.ಡಿ. ತೆರೆಯದೆ ಮುಷ್ಕರ ಹೂಡಿದಾಗ, ಮರುದಿನ ಬೆಳಿಗ್ಗೆ ಆ ಫೈಲು ಕಂಪ್ಯೂಟರಿನಲ್ಲೇ ಕುಳಿತಿರುತ್ತಿತ್ತು. "ನಾನೇ ಮುಂದಾಲೋಚನೆಯಿಂದ ಇಟ್ಟಿದ್ದೆ" ಎಂದು ಎಲ್ಲರಿಗೂ ಹೇಳಿದ್ದೆ. ಹೇಳಿ ಹೇಳಿ ನಾನೂ ನಂಬಿದ್ದೆ.

"ಇದೆಲ್ಲಾ ಯಾವಾಗ ಮಾಡಿದ್ರಿ ಮೇಡಂ?" ಎಂದೆ.

"ನೀವು ಟೀಗೆ ಹೋದಾಗ ಸಾರ್. ಬೇಜಾರ್ ಮಾಡ್ಕೋಬೇಡಿ."

"ನನಗೊಂದು ಮಾತು ಹೇಳಬಾರದಿತ್ತಾ?"

ಅವರು ದಾರವನ್ನು ಮತ್ತೆ ಕೊರಳಿಗೆ ಹಾಕಿಕೊಂಡು, "ಹೇಳಿದ್ರೆ ನೀವು ಅದನ್ನೂ ಅಳಿಸಿಬಿಡ್ತಿದ್ರಿ ಸಾರ್" ಎಂದರು.

ಅಳಿಸುತ್ತಿದ್ದೆ, ಅದರಲ್ಲಿ ಸಂಶಯವಿಲ್ಲ. ಈಗ ನಾನೂ ಒಂದು ಪೆನ್‌ಡ್ರೈವ್ ಕೊಂಡಿದ್ದೇನೆ. ಕಳೆಯದಿರಲೆಂದು ಅಂಚೆ ಕಚೇರಿಯ ಪೆನ್ನಿನ ಹಾಗೆ ಹುರಿಯಿಂದ ಮೇಜಿಗೆ ಕಟ್ಟಿದ್ದೇನೆ. ಅದನ್ನು ಎಲ್ಲಿಗೂ ಒಯ್ಯಲಾಗುವುದಿಲ್ಲ ಎಂದು ಮಕ್ಕಳು ನಗುತ್ತಾರೆ, ನಗಲಿ. ಒಂದೇ ಪ್ರತಿ ಇಟ್ಟುಕೊಂಡು ಉಳಿದದ್ದನ್ನು ಅಳಿಸುವ ಚಟ ಮಾತ್ರ ಈ ವಯಸ್ಸಿನಲ್ಲಿ ಬಿಟ್ಟುಹೋಗುವಂಥದ್ದಲ್ಲ. ಆದರೆ ಅಳಿಸುವ ಮುಂಚೆ ಈಗ ತಪ್ಪದೆ ಟೀಗೆ ಹೋಗುತ್ತೇನೆ. ಹೋಗುವಾಗ ನಸ್ರೀನ್ ಮೇಡಂಗೆ ಕೇಳಿಸುವಂತೆ ಗಟ್ಟಿಯಾಗಿ ಕೆಮ್ಮುತ್ತೇನೆ, ಮತ್ತು ಬೇಗ ವಾಪಸ್ಸು ಬರುವುದಿಲ್ಲ.