ಅರ್ಧ ಎಲೆಯ ಮಾವ

ನಮ್ಮ ಸೋದರಮಾವ ಮದುವೆ ಊಟಕ್ಕೆ ಕತ್ತರಿ ಇಟ್ಟುಕೊಂಡು ಹೋಗುತ್ತಿದ್ದರು ಎಂದು ನಾನು ನಲವತ್ತು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಈಗ ಬರೆಯಲು ಕೂತರೆ ಅನುಮಾನ. ಕತ್ತರಿಯೋ, ತೋಟದ ಕುಡುಗೋಲೋ? ಜೇಬಿನಲ್ಲೋ, ಚೀಲದಲ್ಲೋ? ಮೈಸೂರಿನಲ್ಲಿ ಎಂ.ಎ. ಓದುವಾಗ ಮೇಷ್ಟ್ರುಗಳು ಯಾವ ಮಾತಿಗೂ ಆಧಾರ ಕೇಳಬೇಕು ಎಂದು ಕಲಿಸಿದರು. ಕಲಿತದ್ದೇ ತಪ್ಪಾಯಿತು! ಈಗ ನನ್ನ ನೆನಪಿಗೇ ಆಧಾರ ಕೇಳುತ್ತೇನೆ, ಅದು ಪೆಚ್ಚಾಗಿ ನಿಲ್ಲುತ್ತದೆ.

ಕತ್ತರಿಸುತ್ತಿದ್ದುದು ಮಾತ್ರ ನಿಜ. ಮುಂದೆ ಹಾಸಿದ ಬಾಳೆಲೆಯನ್ನು ಸರಿಯಾಗಿ ಮಧ್ಯಕ್ಕೆ ತುಂಡರಿಸಿ, ಒಂದು ತುಂಡನ್ನು ಪಕ್ಕದವರ ಕಡೆ ತಳ್ಳಿ, ಉಳಿದರ್ಧದಲ್ಲಿ ಊಟ ಮಾಡುತ್ತಿದ್ದರು. ಎಲೆ ದೊಡ್ಡದಾದಷ್ಟೂ ಬಡಿಸುವವನ ಕೈ ದೊಡ್ಡದಾಗುತ್ತದೆ, ಬಡಿಸುವವನ ಕೈ ದೊಡ್ಡದಾದಷ್ಟೂ ಹೆಣ್ಣು ಹೆತ್ತವನ ತೋಟ ಚಿಕ್ಕದಾಗುತ್ತದೆ. ಇದು ಅವರ ಸಿದ್ಧಾಂತ. ಗುಬ್ಬಿ ಹತ್ತಿರ ಅವರದೂ ಒಂದು ಚಿಕ್ಕ ತೆಂಗಿನ ತೋಟವಿತ್ತು.

ಎಪ್ಪತ್ತರ ದಶಕದಲ್ಲಿ ನಮ್ಮ ಕಡೆಯ ಮದುವೆಗಳು ಮನೆಯ ಚಪ್ಪರ ಬಿಟ್ಟು ತುಮಕೂರಿನ ಛತ್ರಗಳಿಗೆ ಹೊರಟವು. ಅಲ್ಲಿಗೆ ಬ್ಯಾಂಡ್‌ಸೆಟ್ಟು ಬಂತು, ಹೂವಿನ ಕಾರು ಬಂತು, ಮಾವನ ರಕ್ತದೊತ್ತಡವೂ ಬಂತು. ಅಲ್ಲಿನ ಸದಾಶಿವನಗರದ ಒಂದು ಮದುವೆಯಲ್ಲಿ ವರನ ಕಡೆಯವರಿಗೆ ಬಿಡಾರ ಕೊಟ್ಟಿದ್ದ ಮನೆಗೂ ಛತ್ರಕ್ಕೂ ನಡುವೆ ಇದ್ದದ್ದು ಒಂದು ಗೋಡೆ. ಆದರೂ ಮದುಮಗನನ್ನು ಕಾರಿನಲ್ಲಿ ಕೂರಿಸಿ, ಮುಂದೆ ಬ್ಯಾಂಡು ಬಿಟ್ಟು, ಊರೆಲ್ಲ ಸುತ್ತಿಸಿದರು. ಮಾವ ಪಕ್ಕದ ಸಣ್ಣ ಗೇಟಿನಿಂದ ದಾಟಿ ಛತ್ರದ ಬಾಗಿಲಲ್ಲಿ ಕಾದರು. ಒಂದು ಗಂಟೆಯ ಮೇಲೆ ಕಾರು ಬಂತು. ಇಳಿದ ಮದುಮಗನನ್ನು ಕೈಹಿಡಿದು, ಪ್ರಯಾಣ ಸುಖವಾಯಿತೇ ಎಂದು ವಿಚಾರಿಸಿದರು. ಮದುಮಗ ನಕ್ಕ. ಅವನ ಅಪ್ಪ ಇನ್ನೂ ನಕ್ಕಿಲ್ಲ.

ಲಗ್ನಪತ್ರಿಕೆಗಳನ್ನೂ ಅವರು ಬಿಡುತ್ತಿರಲಿಲ್ಲ. ದಪ್ಪ ರಟ್ಟು, ಚಿನ್ನದ ಅಕ್ಷರ, ಹಿಂದೆ ಪೂರ್ತಿ ಖಾಲಿ. ಆ ಖಾಲಿ ಜಾಗ ತಮಗೆಂದೇ ಬಿಟ್ಟದ್ದೆಂದು ತಿಳಿದು ಅದರಲ್ಲಿ ನನಗೆ ಮೈಸೂರಿನ ಹಾಸ್ಟೆಲಿಗೆ ಕಾಗದ ಬರೆಯುತ್ತಿದ್ದರು. ತಿಂಗಳಿಗೆರಡು ಲಗ್ನಪತ್ರಿಕೆ ಬರುವ ಹುಡುಗನನ್ನು ಕಂಡು ರೂಮಿನ ಗೆಳೆಯರಿಗೆ ಹೊಟ್ಟೆ ಉರಿ. ಮುಂದೆ ಯಾರದೋ ಸುಖಾಗಮನ ಬಯಸುವ ಇಪ್ಪತ್ತು ಹೆಸರು, ಹಿಂದೆ ಸುಳಿ ಕೊಳೆತ ತೆಂಗು, ಹೆತ್ತ ಎಮ್ಮೆ, ಕೊನೆಗೆ ಪ್ರತಿಸಲವೂ ಒಂದೇ ಸಾಲು: ‘ಯಾರ ಮದ್ವೆ ಬಂದ್ರೂ ನೀನು ಓದು ಬುಡಬ್ಯಾಡ.’

ಊಟದಾಸೆಗೆ ಕ್ಲಾಸು ತಪ್ಪಿಸಿ ಬರಬೇಡ ಎಂದು ಅದರ ಅರ್ಥ ಎಂದುಕೊಂಡಿದ್ದೆ. ತಪ್ಪಿಸಿಯೇ ಬರುತ್ತಿದ್ದೆ ಬಿಡಿ. ನೀವ್ಯಾಕೆ ಹೈಸ್ಕೂಲು ಬಿಟ್ಟಿರಿ ಎಂದು ಕೇಳಿದರೆ, ಲೆಕ್ಕ ತಲೆಗೆ ಹತ್ತಲಿಲ್ಲ, ಬಿಟ್ಟೆ ಎಂದು ನಗುತ್ತಿದ್ದರು.

ಇಂಥವರಿಗೂ ಒಬ್ಬಳು ಮಗಳು. ಎಂಬತ್ತರ ದಶಕದ ಮೊದಲಲ್ಲಿ ಅವಳಿಗೆ ಕುಣಿಗಲ್ ಕಡೆಯ ಸಂಬಂಧ ಕೂಡಿಬಂತು. ಮಾರ್ಕೋನಹಳ್ಳಿ ಕಾಲುವೆ ಕೆಳಗೆ ಗದ್ದೆ ಇದ್ದವರು, ಹುಡುಗನಿಗೆ ಸರ್ಕಾರಿ ಕೆಲಸ. ಅವನ ಅಪ್ಪ ಗಂಭೀರ ಮನುಷ್ಯ. ಒಂದೇ ಮಾತು ಹೇಳಿದರು: “ನಮ್ಗೇನೂ ಬ್ಯಾಡ. ಮದ್ವೆ ಒಂದ್ ಚೆನ್ನಾಗ್ ಮಾಡ್ಕೊಟ್ಬುಡಿ.” ಇದಕ್ಕಿಂತ ದುಬಾರಿಯಾದ ವಾಕ್ಯ ಕನ್ನಡದಲ್ಲಿ ಉಂಟೇ? ಮಾವ ಮಾತ್ರ ಚೆನ್ನಾಗಿಯೇ ಮಾಡುತ್ತೇನೆ ಎಂದು ಒಪ್ಪಿ ಬಂದರು.

ಮಗಳು ಅಪ್ಪನನ್ನು ಬಲ್ಲವಳು. ನನ್ನನ್ನು ಹಿತ್ತಿಲಿಗೆ ಕರೆದು, “ಭಾವ, ನಂಗೆ ಈ ಹುಡುಗ ಇಷ್ಟ. ಅಪ್ಪ ಏನ್ ಮಾಡಿದ್ರೂ ಅವ್ರು ಎದ್ದೋಗ್ದಂಗೆ ನೋಡ್ಕಳಿ” ಎಂದಳು. ಎಂ.ಎ. ಮಾಡಿದವನು ಏನು ಬೇಕಾದರೂ ಮಾಡಬಲ್ಲ ಎಂಬ ನಂಬಿಕೆ ಆಗ ಇತ್ತು.

ಮದುವೆ ಮನೆಯ ಚಪ್ಪರದಲ್ಲೇ. ಧಾರೆಯ ಹಿಂದಿನ ದಿನ ಮಧ್ಯಾಹ್ನ ಬೀಗರು ಬಸ್ಸಿನಲ್ಲಿ ಬಂದಿಳಿದರು. ಕೈಕಾಲು ತೊಳೆದು ಪಂಕ್ತಿಗೆ ಬಂದು ನೋಡುತ್ತಾರೆ, ಎಲ್ಲವೂ ಅರ್ಧ ಎಲೆ! ಮಾವ ಬೆಳಗ್ಗೆಯೇ ಎಲೆಗಳನ್ನೆಲ್ಲ ತುಂಡು ಮಾಡಿದ್ದರು. ಸಾಲದ್ದಕ್ಕೆ ಯಾರಿಗೂ ಪಕ್ಷಪಾತವಾಗಬಾರದೆಂದು ಒಂದು ಕುಡಿ, ಒಂದು ಬುಡ, ಒಂದು ಕುಡಿ, ಒಂದು ಬುಡ ಎಂದು ಹಾಸಿಸಿದ್ದರು. ಗೌರವದವರಿಗೆ ಕುಡಿ ಇರುವ ಎಲೆ ಹಾಕಬೇಕೆನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಹುಡುಗನ ಅಪ್ಪನ ಮುಂದೆ ಬುಡ ಬಿತ್ತು. ಪಕ್ಕದಲ್ಲಿ, ಕಾಲುವೆ ನೀರಿಗಾಗಿ ಜಗಳವಾಡಿ ಮೂರು ವರ್ಷದಿಂದ ಮಾತುಬಿಟ್ಟಿದ್ದ ಅವರ ಭಾವಮೈದುನನಿಗೆ ಕುಡಿ ಬಿತ್ತು. ಆತ ಎಲೆಯ ಕುಡಿಯನ್ನು ಅಂಗೈಯಿಂದ ನಿಧಾನವಾಗಿ ಸವರಿದ, ಅಷ್ಟೆ.

ಹುಡುಗನ ಅಪ್ಪ ಎದ್ದು ನಿಂತರು. ಹಿಂದೆಯೇ ಇಡೀ ಪಂಕ್ತಿ ಎದ್ದಿತು. “ಬಸ್ಸು ಹೊರಡ್ಬ್ಯಾಡ ಅನ್ರಿ,” ಎಂದರು ಮೆಲ್ಲಗೆ.

ಬಾಗಿಲ ಚೌಕಟ್ಟು ಹಿಡಿದಿದ್ದ ಮದುಮಗಳ ಬೆರಳುಗಳು ಮಾತ್ರ ನನಗೆ ಕಂಡವು. ನಾನು ಎಂ.ಎ. ಸಮೇತ ಸುಮ್ಮನೆ ನಿಂತಿದ್ದೆ. ಮಾವ ತಮ್ಮ ಸಿದ್ಧಾಂತವನ್ನು ವಿವರಿಸತೊಡಗಿದ್ದರು! ಅಷ್ಟರಲ್ಲಿ ತುಪ್ಪದ ಗಿಂಡಿ ಹಿಡಿದಿದ್ದ ನಮ್ಮಮ್ಮ, ಅಂದರೆ ಮಾವನ ಅಕ್ಕ, ನಡುವೆ ಬಂದಳು.

“ಏನ್ಲಾ, ನನ್ ಮದ್ವೇಲಿ ಇಡೀ ಎಲೆ ಹಾಕಿದ್ರು. ಆಗ ಬಾಯಿ ಬುಡ್ಲಿಲ್ವಲ್ಲ ನೀನು?”

“ಅದು ನಿನ್ ಮದ್ವೆ ಕಣಕ್ಕ.”

“ಇದು ನಿನ್ ಮಗಳ್ದು.”

ಮಾವ ಕೈ ಎತ್ತಿ ಚಪ್ಪರದ ತೆಂಗಿನ ಗರಿಯಿಂದ ಒಂದು ಎಳೆ ಕಿತ್ತು, ಅದರ ಕಡ್ಡಿ ಸೀಳಿದರು. ಬೀಗರ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕುಡಿ ತರಿಸಿ ಬುಡಕ್ಕೆ ಜೋಡಿಸಿ, ಮುತ್ತುಗದ ಎಲೆ ಹಚ್ಚುವ ಹಾಗೆ ಕಡ್ಡಿ ಚುಚ್ಚಿ ಹಚ್ಚಿದರು. ಎಲೆ ಮತ್ತೆ ಇಡಿಯಾಯಿತು.

ಬೀಗರು ಬಗ್ಗಿ ನೋಡಿದರು. “ಸಾರು ಸೋರ್ತದಲ್ಲ?”

“ಸೋರಿದ್ರೆ ನಾನೇ ಒರಸ್ತೀನಿ ಬೀಗ್ರೆ. ಕೂತ್ಕಳಿ.”

ಅವರು ಕೂತರು. ಯಜಮಾನರೇ ಕೂತ ಮೇಲೆ ಉಳಿದವರು ಅರ್ಧ ಎಲೆಗೇ ಕೂತರು. ಸಾರು ಸೋರಿತು. ಮಾವ ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಮಾರನೆಯ ಬೆಳಗ್ಗೆ ಧಾರೆಯಾಯಿತು.

ಇದನ್ನೆಲ್ಲ ಒಮ್ಮೆ ಅಮ್ಮನೆದುರು ಹೇಳಿದೆ. ನಾನು ಹಾಗೆ ಅನ್ನಲೇ ಇಲ್ಲ, ತುಪ್ಪ ಬಡಿಸುತ್ತಿದ್ದೆ ಎಂದುಬಿಟ್ಟಳು! ಹಾಗಾದರೆ ಆ ಮಾತುಗಳನ್ನು ನಾನೇ ಕಟ್ಟಿದೆನೇ? ಇರಬಹುದು.

ಮಾವ ತೀರಿಕೊಂಡ ಮೇಲೆ ಅವರ ಮಗಳು ಉಳಿದ ಲಗ್ನಪತ್ರಿಕೆಗಳ ಕಟ್ಟನ್ನು ನನ್ನ ಕೈಗೆ ಕೊಟ್ಟಳು. ಎಲ್ಲದರ ಹಿಂದೆಯೂ ಅವರ ಪೆನ್ಸಿಲ್ ಬರಹ. ಒಂದರ ಹಿಂದೆ ಮಾತ್ರ ಒಂದಕ್ಷರವಿಲ್ಲ. ತಿರುಗಿಸಿದರೆ, ಅದು ನಮ್ಮಪ್ಪ ಅಮ್ಮನದು.

ತಿಥಿಯ ಊಟದಲ್ಲಿ ಮಾವನ ಜೊತೆ ಓದಿದ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿದ್ದರು. ಮಾವನಿಗೆ ಲೆಕ್ಕ ಬರುತ್ತಿರಲಿಲ್ಲವಂತೆ ಎಂದೆ. “ಯಾರಂದ್ರು? ಕ್ಲಾಸಿಗೇ ಫಸ್ಟು ಅವ್ನು. ನಿಮ್ಮಮ್ಮನ್ ಮದ್ವೇಗೆ ಅರ್ಧ ತೋಟ ಹೋಯ್ತು. ಉಳಿದಿದ್ದಕ್ಕೆ ಆಳಿಡೋ ಶಕ್ತಿ ಇರ್ಲಿಲ್ಲ. ಸ್ಕೂಲ್ ಬುಡ್ಸಿ ಇವ್ನ್ನೇ ತೋಟಕ್ಕೆ ಇಳಿಸಿದ್ರು,” ಎಂದರು.

ವಯಸ್ಸಾದವರ ನೆನಪು. ಆಧಾರ ಬೇಡವೇ? ಅಪ್ಪ ಅಮ್ಮನ ಆ ಲಗ್ನಪತ್ರಿಕೆ ಹಿಡಿದು ಗುಬ್ಬಿಯ ಹೈಸ್ಕೂಲಿಗೆ ಹೋದೆ. ಗುಮಾಸ್ತರು ಬೇಸರಿಸದೆ ಹಳೆಯ ಹಾಜರಿ ಪುಸ್ತಕ ಹುಡುಕಿ, ದೂಳು ಕೊಡವಿ ಕೊಟ್ಟರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದೆ. ಮದುವೆ ಗುರುವಾರ. ಅದರ ಹಿಂದಿನ ಶನಿವಾರದವರೆಗೆ ಮಾವ ಒಂದು ದಿನವೂ ತಪ್ಪಿಸಿಲ್ಲ. ಮುಂದಿನ ತಿಂಗಳ ಪುಟದಲ್ಲಿ ಅವರ ಹೆಸರಿಲ್ಲ.