ಕರೆಂಟು ಸೋರುವ ಹಾಳೆ

ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ ಎಂದು ಊರೆಲ್ಲ ನಂಬಿರುವಾಗ, ಹರಿದದ್ದನ್ನು ಅಳೆಯುವ ಕೆಲಸ ನನ್ನದು. ಇಂಥ ಕಡೆ ನಗುವಂಥದ್ದು ನಡೆಯದೆ ಇರುತ್ತದೆಯೇ? ತಾಂಡ್ಯದ ನಮ್ಮ ಕಾರ್ಖಾನೆಯಲ್ಲಿ ಫ್ಯಾನಿನ ಕೆಪಾಸಿಟರ್‌ಗೆ ಹಾಕುವ ತೆಳು ಹಾಳೆ ತಯಾರಾಗುತ್ತದೆ. ಎಂಥ ಹಾಳೆಯಲ್ಲೂ ಒಂಚೂರು ಕರೆಂಟು ಸೋರುತ್ತದೆ. ಅದನ್ನು ಹಿಡಿಯುವವರು ಲ್ಯಾಬಿನ ಮೇಡಂ, ನಾನು ಅವರ ಸಹಾಯಕ. ಅಷ್ಟು ತಾಳ್ಮೆಯವರನ್ನು ನಾನು ಬೇರೆಲ್ಲೂ ಕಂಡಿಲ್ಲ.

೧

ತಿ. ನರಸೀಪುರದಲ್ಲಿ ನಮ್ಮ ಪಕ್ಕದ ಮನೆಯವನು ವೈರ್‌ಮನ್. ಪ್ಲಾಸ್ಟಿಕ್ಕಿನಲ್ಲೂ ಕರೆಂಟು ಸೋರುತ್ತದೆ, ಆದರೆ ಲೆಕ್ಕಕ್ಕೇ ಬಾರದಷ್ಟು ಎಂದು ಅವನಿಗೆ ಒಮ್ಮೆ ಹೇಳಿಬಿಟ್ಟೆ. ಮಾರನೆಯ ದಿನ ಬಾಗಿಲಿಗೇ ಬಂದ.

"ನೀನು ಅದ ಏಳ್ಬಾರ್ದಾಗಿತ್ತು ಕಣ್ಲಾ. ಇಷ್ಟ್ ವರ್ಸ ಏನೂ ಆಗಿರ್ನಿಲ್ಲ. ಈಗ ಕಟಿಂಗ್ ಪ್ಲೇಯರ್‌ನ ಪ್ಲಾಸ್ಟಿಕ್ ಇಡಿ ಮುಟ್ಟುದ್ರೆ ಸಾಕು, ಕೈ ಜುಮ್ ಅಂತದೆ. ಈಗ್ಲೂ ಅಂತದೆ ನೋಡು."

ಪ್ಲೇಯರ್ ಆಗ ಅವನ ಚೀಲದಲ್ಲಿತ್ತು, ಚೀಲ ಅವನ ಮನೆಯಲ್ಲಿತ್ತು.

೨

ನಮ್ಮ ಮೀಟರು ಬಲು ಸೂಕ್ಷ್ಮ. ಪಾಲಿಯೆಸ್ಟರ್ ಬಟ್ಟೆ ಹತ್ತಿರ ಸುಳಿದರೂ ಅಂಕಿ ಎಗರುತ್ತದೆ. ನಮ್ಮ ಮ್ಯಾನೇಜರು ತೊಡುವುದೆಲ್ಲ ಪಾಲಿಯೆಸ್ಟರೇ. ಒಳಗೆ ಬರಬೇಡಿ ಎನ್ನುವುದು ಹೇಗೆ? ಮೇಡಂ ನಯವಾಗಿ ಹೇಳಿ ನೋಡಿದರು: "ಸಾರ್, ನೀವು ಬಂದ್ರೆ ನಮ್ ಮೀಟರ್ರೇ ಎದ್ದು ನಿಲ್ಲುತ್ತೆ."

ಮ್ಯಾನೇಜರಿಗೆ ಬಹಳ ಖುಷಿಯಾಯಿತು. ಅಂದಿನಿಂದ ದಿನಕ್ಕೆರಡು ಸಲ ಬರತೊಡಗಿದರು.

೩

ಮೇಡಂ ವರ್ಷವಿಡೀ ಒದ್ದಾಡಿ ಹೊಸ ಹಾಳೆಯೊಂದನ್ನು ತಯಾರಿಸಿದ್ದರು. ಕೊಳ್ಳುವ ಕಂಪನಿಯವರು ಕಣ್ಣೆದುರಿಗೇ ಪರೀಕ್ಷೆಯಾಗಲಿ ಎಂದು ಬಂದು ಕೂತರು. ಜಾಸ್ತಿ ಸೋರಿದರೆ ಹಾಳೆಯ ಕಥೆ ಮುಗಿದಂತೆ. ಹೊರಗೆ ಜಿಟಿಜಿಟಿ ಮಳೆ. ಮೀಟರು ಹಾಕಿದರೆ ಅಂಕಿ ಎಲ್ಲಿಗೋ ಏರಿತು.

ಮೇಡಂ ಹಾಳೆಯನ್ನು ಸ್ವಲ್ಪ ಕಾಸಿದರು. ಅಂಕಿ ಇಳಿಯಿತು.

"ಹಾಳೆ ಒಳಗಿಂದ ಸೋರ್ತಿದ್ರೆ ಬಿಸಿಗೆ ಏರಬೇಕಿತ್ತು. ಇದು ಮೇಲಿನ ಪಸೆ, ಆರ್ತಾ ಇದೆ" ಎಂದು ಹಾಳೆಯನ್ನು ಹೊರತೆಗೆದರು.

ಅಂಚಿಂದಂಚಿಗೆ ಮೂರು ಪಟ್ಟೆ ವಿಭೂತಿ.

"ನಾನೇ ಬೆಳಿಗ್ಗೆ ಒದ್ದೆ ಮಾಡಿ ಬಳಿದೆ," ಎಂದರು ಬಾಗಿಲಾಚೆ ನಿಂತಿದ್ದ ಮ್ಯಾನೇಜರು. "ಒಳ್ಳೇದಾಗ್ಲಿ ಅಂತ."

ಮೇಡಂ ಅದೇ ಸುರುಳಿಯಿಂದ ಹೊಸ ತುಂಡು ಕತ್ತರಿಸಿ ಮತ್ತೆ ಅಳೆದರು. ಅಂಕಿ ಕೆಳಗೆ ಹೋಗಿ ತೆಪ್ಪಗೆ ಕೂತಿತು. ಬಂದವರು ಎದ್ದುನಿಂತು ಮೇಡಂಗೆ ಕೈಮುಗಿದರು. ನನಗಂತೂ ಕಣ್ಣು ತುಂಬಿಬಂತು.

ಮ್ಯಾನೇಜರು ಎದೆಯುಬ್ಬಿಸಿ ಹೇಳಿದರು: "ನೋಡಿದ್ರಾ ಮೇಡಂ, ವಿಭೂತಿ ಇಟ್ಟಿದ್ದಕ್ಕೇ ಪಾಸಾಯ್ತು."

ಮೇಡಂ ಕೈ ಒರೆಸಿಕೊಳ್ಳುತ್ತ ಹೇಳಿದರು: "ಹೌದು ಸಾರ್. ಮುಂದಿನ ಸಲ ನಿಮ್ಮ ಹಣೆಗೇ ಇಟ್ಕೊಳ್ಳಿ. ಅಲ್ಲಿ ಎಷ್ಟು ಸೋರಿದ್ರೂ ನಾನು ಅಳೆಯಲ್ಲ."